ಪಾರ್ಶ್ವವಾಯುವಾಗಿ ಆರು ತಿಂಗಳಾದ ಮೇಲೆ ಕೈ ಸುಧಾರಿಸುವುದೇ?

ಪ್ರಶ್ನೆ:
ನನ್ನ ತಂದೆಯವರಿಗೆ ಪಾರ್ಶ್ವವಾಯುವಾಗಿ ಆರು ತಿಂಗಳು ಕಳೆದಿವೆ. ನಡಿಗೆ ಬಹುಮಟ್ಟಿಗೆ ಮರಳಿದೆ. ಬಲಗೈಯ ಮಣಿಕಟ್ಟನ್ನು ಸ್ವಲ್ಪ ಎತ್ತಬಲ್ಲರಾದರೂ ಬೆರಳುಗಳು ಬಿಗಿಯಾಗಿ ಮಡಚಿಕೊಂಡಿರುತ್ತವೆ. ಇನ್ನು ಸುಧಾರಣೆ ಸಾಧ್ಯವಿಲ್ಲವೆಂದು ಯಾರೋ ಹೇಳಿದ್ದರಿಂದ ಅವರು ವ್ಯಾಯಾಮವನ್ನೇ ಬಿಡಲು ಹೊರಟಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಖಂಡಿತ ಬಿಡಬಾರದು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ ಎಂಬುದು ನಿಜ. ಅನಂತರ ಅದು ನಿಂತೇಹೋಗುತ್ತದೆ ಎಂಬುದು ನಿಜವಲ್ಲ. ಮಣಿಕಟ್ಟನ್ನೂ ಬೆರಳುಗಳನ್ನೂ ಸ್ವಲ್ಪವಾದರೂ ಸ್ವಂತ ಶಕ್ತಿಯಿಂದ ಬಿಡಿಸಬಲ್ಲವರಿಗೆ, ಚೆನ್ನಾಗಿರುವ ಕೈಗೆ ಎಚ್ಚರವಿರುವ ಸಮಯದ ಬಹುಪಾಲು ಗವಸು ತೊಡಿಸಿ, ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆಯೊಂದಿದೆ. ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾಗಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ‘ಎಕ್ಸೈಟ್’ ಅಧ್ಯಯನದಲ್ಲಿ, ಎರಡು ವಾರಗಳ ಈ ಚಿಕಿತ್ಸೆಯಿಂದ ದೊರೆತ ಸುಧಾರಣೆ ವರ್ಷದ ಬಳಿಕವೂ ಉಳಿದಿತ್ತು. ನನ್ನ ದೃಷ್ಟಿಯಲ್ಲಿ ಗವಸಿಗಿಂತಲೂ ಮುಖ್ಯವಾದುದು ಲೋಟ ಹಿಡಿಯುವುದು, ಬಟ್ಟೆ ಮಡಚುವುದು ಮುಂತಾದ ನಿಜವಾದ ಕೆಲಸಗಳನ್ನು, ಕಷ್ಟವನ್ನು ಮೆಲ್ಲಗೆ ಹೆಚ್ಚಿಸುತ್ತ, ಮತ್ತೆ ಮತ್ತೆ ಮಾಡುವುದು. ಏಕೆಂದರೆ ಮಿದುಳು ಹೊಸ ದಾರಿಗಳನ್ನು ಕಂಡುಕೊಳ್ಳುವುದು ಬಳಕೆಯಿಂದಲೇ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಬೆರಳುಗಳ ಬಿಗಿತವನ್ನು ಮೊದಲು ವೈದ್ಯರಿಗೆ ತೋರಿಸಿ. ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಸುಮಾರು ಮೂರು ತಿಂಗಳು ಸ್ನಾಯುಗಳನ್ನು ಸಡಿಲಿಸುತ್ತದೆ. ಅದು ತಾನಾಗಿ ಚಲನೆಯನ್ನು ಕಲಿಸದಿರುವುದರಿಂದ ಆ ಅವಧಿಯಲ್ಲಿ ಅಭ್ಯಾಸ ತಪ್ಪಬಾರದು. ಅವರನ್ನು ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಲೇಬೇಡಿ, ದುರ್ಬಲವಾದ ಭುಜದ ಕೀಲಿಗೆ ಪೆಟ್ಟಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಡೆಯುವಾಗಲೂ ಗವಸು ಇರಬೇಕೇ?

ಉತ್ತರ 1:
ಬೇಡ. ಆಯ ತಪ್ಪುವ ಸಂದರ್ಭದಲ್ಲಿ, ನೀರು ಅಥವಾ ಬೆಂಕಿಯ ಬಳಿ ಅದನ್ನು ತೆಗೆಯಬೇಕು. ಆರಂಭವನ್ನು ಚಿಕಿತ್ಸಕರ ಮಾರ್ಗದರ್ಶನದಲ್ಲಿಯೇ ಮಾಡಿ.