ಎಲ್ಕ್ 'ಕಹಳೆ ಊದಿತು' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ.

ಕೊಲರಾಡೊದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ ಮೊರೇನ್ ಪಾರ್ಕ್ ಅಂತ ಹುಲ್ಲುಗಾವಲಿನ ಕಣಿವೆ ಇದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಆಸ್ಪೆನ್ ಮರಗಳು ಹಳದಿಯಾಗುವ ಹೊತ್ತಿಗೆ, ಎಲ್ಕ್ ಅನ್ನುವ ದೊಡ್ಡ ಜಿಂಕೆಗಳ ಕೂಗು ಕೇಳಲು ಜನ ಸಂಜೆ ರಸ್ತೆ ಬದಿ ಕಾಯುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಬ್ಯೂಗಲ್, ಅಂದರೆ ಕಹಳೆ, ಅನ್ನುತ್ತಾರೆ. ನಮ್ಮ ಕನ್ನಡ ಕೂಟದ ಪತ್ರಿಕೆಗೆ ಬರೆಯಲು ಕೂತವನು ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಮೊದಲು ಕೆಳದನಿ. ಅದು ಸರ್ರನೆ ಮೇಲೇರಿ ಶಿಳ್ಳೆಯಾಗುತ್ತದೆ. ಕೊನೆಗೆ ಎರಡು ಮೂರು ಗುಟುರು. ಸುಮಾರು 300 ಕಿಲೊ ತೂಗುವ ಪ್ರಾಣಿಯ ಗಂಟಲಿಂದ ಶಿಳ್ಳೆ! ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಕಾರಿನ ಗಾಜು ಇಳಿಸಿ, "ಯಾರೋ ಹುಡುಗ್ರು ಪೀಪಿ ಊದ್ತಿದಾರೆ ಕಣೋ" ಅಂದಳು. ಮರಗಳ ಸಂದಿಯಿಂದ ಗಂಡು ಹೊರಗೆ ಬಂದು, ಕತ್ತು ಚಾಚಿ, ಕೊಂಬು ಬೆನ್ನಿಗೆ ತಾಗುವಷ್ಟು ತಲೆ ಎತ್ತಿ, ಬಾಯಲ್ಲಿ ಹಬೆಯಾಡುತ್ತಾ ಮತ್ತೆ ಕೂಗಿದ ಮೇಲೇ ಅವಳು ನಂಬಿದ್ದು.

ಘೀಳಿಡುವುದು ಆನೆ. ಊಳಿಡುವುದು ನಾಯಿ, ನರಿ. ಬರೀ ಗುಟುರು ಅಂದರೆ ಶಿಳ್ಳೆ ಬಿಟ್ಟುಹೋಗುತ್ತದೆ. ಕೆನೆತ ಸ್ವಲ್ಪ ಹತ್ತಿರ, ಆದರೆ ಓದುವವರ ಕಣ್ಣಮುಂದೆ ಕುದುರೆ ಬಂದು ನಿಲ್ಲುತ್ತದೆ. 'ಕಹಳೆ ಊದಿತು' ಸುಮ್ನೆ ಇಂಗ್ಲಿಷಿನ ನಕಲು ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಕೊಂಬು ಅಂದರೆ ತಲೆ ಮೇಲಿನದೂ ಹೌದು, ಜಾತ್ರೆಯಲ್ಲಿ ಊದುವುದೂ ಹೌದು, ಅಲ್ವಾ? ಅದಕ್ಕೇ 'ಕೊಂಬುಲಿ' ಅಂತ ಕಟ್ಟಿದೆ. ಅಮ್ಮನಿಗೆ ಓದಿ ಹೇಳಿದರೆ, "ಕೊಂಬಿರೋ ಹುಲಿನಾ?" ಅಂದಳು. ಅಲ್ಲಿಗೆ ಅದರ ಕಥೆ ಮುಗಿಯಿತು.

ಇನ್ನೊಂದು ತೊಡಕು. ಇದು ಅವುಗಳ ಕೂಡುವ ಕಾಲ. ನಮ್ಮ ಕಡೆ 'ಬೆದೆಗೆ ಬಂತು' ಅನ್ನುವುದು ಹಸು, ಎಮ್ಮೆಗೆ. ಗಂಡಿಗೆ ಏನನ್ನಬೇಕು? 'ಮದ' ಅಂದರೆ ಮತ್ತೆ ಆನೆಯೇ. 'ಬೆದೆಗಾಲ' ಅಂದರೆ ಎರಡಕ್ಕೂ ಹೊಂದುತ್ತದಾ?

ಎಲ್ಕ್ ಅನ್ನುವ ಹೆಸರನ್ನು ಹಾಗೇ ಬಿಟ್ಟಿದ್ದೇನೆ. ಕಡವೆ ಅನ್ನಲು ಮನಸ್ಸಿಲ್ಲ, ಅದು ಬೇರೆ ಪ್ರಾಣಿ. ಆದರೆ ಹಿಂದೆ ನಮ್ಮ ಕಾಡಿಗೆ ಬಂದ ಬ್ರಿಟಿಷ್ ಬೇಟೆಗಾರರು ಕಡವೆಯನ್ನೇ ಎಲ್ಕ್ ಅನ್ನುತ್ತಿದ್ದರು. ಯುರೋಪಿನಲ್ಲಿ ಎಲ್ಕ್ ಅಂದರೆ ಅಮೆರಿಕದವರು ಮೂಸ್ ಅನ್ನುವ ಬೇರೆ ಜಿಂಕೆ. ನಾನು ಹೇಳುತ್ತಿರುವ ಎಲ್ಕ್‌ನ ಇನ್ನೊಂದು ಹೆಸರು ವಾಪಿಟಿ, ಅಮೆರಿಕದ ಮೂಲನಿವಾಸಿಗಳಾದ ಶಾನಿ ಜನರ ಮಾತು. ಬಿಳಿ ಹಿಂಭಾಗದ್ದು ಅಂತ ಅರ್ಥ. ನೋಡಿ ಇಟ್ಟ ಹೆಸರು ಅಂದರೆ ಅದು!

ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ನಾಗರಹೊಳೆ ಕಡೆಯವರು ಯಾರಾದರೂ ಇಲ್ಲಿದ್ದೀರಾ? ಹೆಣ್ಣಿಗಾಗಿ ಗಂಡು ಜಿಂಕೆ ಕೂಗಿದರೆ ನಿಮ್ಮಲ್ಲಿ ಏನನ್ನುತ್ತಾರೆ?