ಸೈಕಲ್ಲಿಗೆ ಯಾವ ಬೀಗ ಹಾಕಿಸಬೇಕು? ದಾವಣಗೆರೆಯಲ್ಲಿ ಬಳಸಿ ಕಂಡವರ ಅನುಭವಗಳು

ಕೇಳಿದವರು: ವಿದ್ಯಾನಗರದ ಒಬ್ಬ ತಾಯಿ

ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳ ಸೈಕಲ್ ಕಳೆದ ತಿಂಗಳು ಟ್ಯೂಷನ್ ಮನೆಯ ಮುಂದಿನಿಂದ ಕಳುವಾಯಿತು. ಹಿಂದಿನ ಚಕ್ರಕ್ಕೆ ರಿಂಗ್ ಲಾಕ್ ಹಾಕಿಯೇ ಇತ್ತು. ಅದರ ಕೀಲಿಕೈ ಇಂದಿಗೂ ಅವಳ ಬ್ಯಾಗಿನಲ್ಲಿದೆ. ಈಗ 14,000 ರೂಪಾಯಿ ಕೊಟ್ಟು ಗೇರ್ ಸೈಕಲ್ ಕೊಂಡಿದ್ದೇವೆ. ಇದು ದಿನಕ್ಕೆ ಮೂರು ಕಡೆ ನಿಲ್ಲುತ್ತದೆ. ಹಗಲು ಕಾಲೇಜಿನ ಸ್ಟ್ಯಾಂಡಿನಲ್ಲಿ, ಅಲ್ಲಿ ಕಾವಲುಗಾರರಿದ್ದಾರೆ. ಸಂಜೆ ಎರಡು ಗಂಟೆ ಟ್ಯೂಷನ್ ಓಣಿಯಲ್ಲಿ. ರಾತ್ರಿ ನಮ್ಮ ಬಾಡಿಗೆ ಮನೆಯ ಮೆಟ್ಟಿಲಿನ ಕೆಳಗೆ. ಕಾಂಪೌಂಡ್ ಇದೆ, ಆದರೆ ಮೂರು ಮನೆಯವರು ಓಡಾಡುವುದರಿಂದ ಗೇಟಿಗೆ ಬೀಗ ಹಾಕುವುದಿಲ್ಲ. ಅಂಗಡಿಯವರು 150 ರೂಪಾಯಿಯಿಂದ 2,000 ರೂಪಾಯಿಯವರೆಗಿನ ಬೀಗಗಳನ್ನು ತೋರಿಸಿ, ಎಲ್ಲವೂ ಗಟ್ಟಿ ಎಂದೇ ಹೇಳಿದರು. ಬಳಸಿ ನೋಡಿದವರು ಯಾವುದನ್ನು ಕೊಳ್ಳಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ನಿಟ್ಟುವಳ್ಳಿಯ ನಿವೃತ್ತ ಪ್ರೌಢಶಾಲಾ ಶಿಕ್ಷಕರು

ತಾಯಿ, ನಿಮ್ಮ ಮಗಳ ಸೈಕಲ್ ಹೋದದ್ದು ಬೀಗ ಒಡೆದಲ್ಲ, ಬೀಗದ ಸಮೇತ. ರಿಂಗ್ ಲಾಕ್ ಚಕ್ರ ತಿರುಗದಂತೆ ತಡೆಯುತ್ತದೆಯೇ ಹೊರತು ಸೈಕಲ್ಲನ್ನು ನೆಲಕ್ಕೆ ಕಟ್ಟುವುದಿಲ್ಲ. ಹಿಂದಿನ ಕ್ಯಾರಿಯರ್ ಹಿಡಿದು ಎತ್ತಿ, ಮುಂದಿನ ಚಕ್ರದ ಮೇಲೆ ಉರುಳಿಸಿಕೊಂಡು ಹೋದರೆ, ಪಂಕ್ಚರ್ ಆದ ಸೈಕಲ್ಲನ್ನು ಅಂಗಡಿಗೆ ತಳ್ಳಿಕೊಂಡು ಹೋಗುತ್ತಿದ್ದಾನೆಂದು ಬೀದಿಯವರು ದಾರಿಯನ್ನೂ ಬಿಡುತ್ತಾರೆ. ನಾನೇ ಒಮ್ಮೆ ಹಾಗೆ ಹೋಗುತ್ತಿದ್ದವನಿಗೆ ಗೇಟು ತೆರೆದು ಹಿಡಿದಿದ್ದೆ. ಸೈಕಲ್ ನಮ್ಮ ಪಕ್ಕದ ಮನೆಯದೆಂದು ಸಂಜೆ ತಿಳಿಯಿತು.

ಇನ್ನೊಂದು ಮಾತು. 2006-07ರಲ್ಲಿ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದ ಮೇಲೆ ನಮ್ಮ ಶಾಲೆಯ ಅಂಗಳದಲ್ಲಿ ಒಂದೇ ರೂಪದ ಸೈಕಲ್ಲುಗಳು ಸಾಲಾಗಿ ನಿಲ್ಲತೊಡಗಿದವು. ಮಕ್ಕಳು ಪೇಟೆಯಿಂದ ಅಗ್ಗದ ರಿಂಗ್ ಲಾಕ್ ತಂದು ಹಾಕಿಸಿಕೊಂಡಿದ್ದರು. ಒಬ್ಬಳು ತನ್ನದೆಂದು ಬೀಗ ತೆಗೆದು ಮನೆಗೆ ಒಯ್ದ ಸೈಕಲ್ ಬೇರೊಬ್ಬಳದಾಗಿತ್ತು, ಕೀಲಿಕೈ ಮಾತ್ರ ಸರಿಯಾಗಿ ಹೊಂದಿಕೊಂಡಿತ್ತು. ಆ ದಿನ ಕುತೂಹಲಕ್ಕೆ ಹತ್ತಾರು ಕೀಲಿಕೈಗಳನ್ನು ಅದಲುಬದಲು ಮಾಡಿ ನೋಡಿದಾಗ ಇನ್ನೂ ಎರಡು ಬೀಗಗಳು ಪರರ ಕೈಗೆ ತೆರೆದುಕೊಂಡವು. ಅಗ್ಗದ ಬೀಗಗಳಲ್ಲಿ ಕೀಲಿಕೈಯ ಹಲ್ಲಿನ ಮಾದರಿಗಳು ಕೆಲವೇ ಇರುತ್ತವೆ; ಬೀಗ ಸವೆದ ಮೇಲಂತೂ ಹತ್ತಿರದ ಹಲ್ಲಿದ್ದರೂ ಸಾಕು. ಆದರೂ ರಿಂಗ್ ಲಾಕನ್ನು ಬಿಚ್ಚಿಸಬೇಡಿ. ಕಾವಲಿರುವ ಕಾಲೇಜಿನ ಸ್ಟ್ಯಾಂಡಿಗೆ ಅದು ಸಾಕಾಗುತ್ತದೆ.

ಅಶೋಕ ರಸ್ತೆಯ ಬಳಿ ಸೈಕಲ್ ರಿಪೇರಿ ಅಂಗಡಿ ನಡೆಸುವವರು

ಮೇಡಂ, ಬೀಗ ಮಾರುವುದಕ್ಕಿಂತ ಬೀಗ ಕತ್ತರಿಸುವುದರಲ್ಲಿ ನನಗೆ ಅನುಭವ ಹೆಚ್ಚು. ಕೀಲಿಕೈ ಕಳೆದುಕೊಂಡವರು ಸೈಕಲ್ಲನ್ನು ಹೊತ್ತುಕೊಂಡು ನಮ್ಮಲ್ಲಿಗೇ ಬರುತ್ತಾರೆ. (ಬಿಲ್ಲು ಅಥವಾ ಸೈಕಲ್ಲಿನ ಜೊತೆ ತೆಗೆಸಿಕೊಂಡ ಫೋಟೊ ತೋರಿಸದೆ ನಾನು ಕೈ ಹಾಕುವುದಿಲ್ಲ, ಈ ಕಾರಣಕ್ಕೆ ಜಗಳವಾಡಿ ಹೋದವರೂ ಇದ್ದಾರೆ.) ಆದ್ದರಿಂದ ಯಾವ ಬೀಗ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ನನ್ನ ಕೈ ಕಂಡಂತೆ ಹೇಳುತ್ತೇನೆ.

ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಲಾಕ್ ನೋಡಲು ಹೆಬ್ಬೆರಳಿನಷ್ಟು ದಪ್ಪವಿರುತ್ತದೆ. ಕೊಯ್ದು ನೋಡಿದರೆ ದಪ್ಪದ ಬಹುಪಾಲು ಪ್ಲಾಸ್ಟಿಕ್ಕೇ. ನಡುವೆ ಸಣ್ಣ ತಂತಿಗಳನ್ನು ಹೆಣೆದ ತೆಳುವಾದ ಹಗ್ಗವಿರುತ್ತದೆ. ಬ್ರೇಕಿನ ಕೇಬಲ್ ಕತ್ತರಿಸಲು ನಾವು ಬಳಸುವಂಥದೇ ಕಟರ್ ಸ್ವಲ್ಪ ದೊಡ್ಡದಿದ್ದರೆ, ಅದು ತುಂಡಾಗುವುದಕ್ಕೆ ನೀವು ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತೂ ಬೇಡ, ಸದ್ದೂ ಆಗುವುದಿಲ್ಲ. ಮುಂದಿನ ಚಕ್ರವನ್ನೋ ಹೆಲ್ಮೆಟ್ಟನ್ನೋ ಸೇರಿಸಿ ಕಟ್ಟಲು ಕೇಬಲ್ ಸರಿ, ಅದನ್ನೇ ನಂಬಿ ಬೀದಿಯಲ್ಲಿ ಸೈಕಲ್ ಬಿಡಬಾರದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಕಬ್ಬಿಣದ ಸರಪಳಿ ಮತ್ತು ಬೀಗಕ್ಕೆ ಹೆಚ್ಚಿನವರು ಮೊರೆ ಹೋಗುತ್ತಾರೆ, ಏಕೆಂದರೆ ಕಣ್ಣಿಗೆ ಅದು ಭದ್ರವಾಗಿ ಕಾಣುತ್ತದೆ. ಅದು ಮೆತ್ತನೆಯ ಕಬ್ಬಿಣ. ಹ್ಯಾಕ್ಸಾ ಬ್ಲೇಡಿಗೂ ಬಗ್ಗುತ್ತದೆ. ಸೈಕಲ್ಲಿಗೆಂದೇ ಮಾಡಿದ ಸರಪಳಿಯ ಕೊಂಡಿಗಳಿಗೆ ಕಾಯಿಸಿ ಹದ ಕೊಟ್ಟಿರುತ್ತಾರೆ. ಎರಡಕ್ಕೂ ವ್ಯತ್ಯಾಸ ತಿಳಿಯಲು ಒಂದು ಸಣ್ಣ ಅರ ತೆಗೆದುಕೊಂಡು ಕೊಂಡಿಯ ಮೇಲೆ ಒಮ್ಮೆ ಎಳೆಯಿರಿ: ಮೆತ್ತನೆಯ ಕಬ್ಬಿಣವಾದರೆ ಅರ ಕಚ್ಚಿಕೊಂಡು ಗೀರು ಬೀಳುತ್ತದೆ, ಹದ ಕೊಟ್ಟ ಉಕ್ಕಾದರೆ ಗಾಜಿನ ಮೇಲೆ ಎಳೆದ ಹಾಗೆ ಜಾರುತ್ತದೆ. ಅಂಗಡಿಯವರು ಒಪ್ಪದಿದ್ದರೆ ಕೊಂಡಿಯ ಒಳಬದಿಯಲ್ಲಿ ಕಾಣದಂತೆ ಪರೀಕ್ಷಿಸಿ ತೋರಿಸಿರೆಂದು ಅವರನ್ನೇ ಕೇಳಿ. ಕೊಂಡಿಯ ಸರಳು 8 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಬೋಲ್ಟ್ ಕಟರಿಗೆ ಅದು ಹೆಚ್ಚು ಕೆಲಸ ಕೊಡುವುದಿಲ್ಲ. 10 ಮಿಲಿಮೀಟರ್ ಇದ್ದರೆ ದೊಡ್ಡ ಕಟರ್ ಬೇಕಾಗುತ್ತದೆ, ಅದನ್ನು ಅಂಗಿಯೊಳಗೆ ಬಚ್ಚಿಟ್ಟು ತರಲು ಆಗುವುದಿಲ್ಲ. ಸರಪಳಿಯನ್ನು ನೆಲಕ್ಕೆ ತಾಗುವಂತೆ ಜೋಲಾಗಿ ಬಿಡಬೇಡಿ. ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಇಡೀ ಮೈಭಾರ ಹಾಕಿದರೆ, ಕೈಯಲ್ಲಿ ಆಗದ ಕೊಂಡಿಯೂ ತುಂಡಾಗುತ್ತದೆ.

ಯು-ಲಾಕ್ ಎಂಬ ಗಟ್ಟಿ ಸರಳಿನ ಬೀಗಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಕೊಳ್ಳುವಾಗ ಎರಡು ಸಂಗತಿ ಗಮನಿಸಿ. ಬಾಗಿದ ಸರಳಿನ ಎರಡೂ ತುದಿಗಳು ಅಡ್ಡಪಟ್ಟಿಯೊಳಗೆ ಬೀಗಕ್ಕೆ ಸಿಕ್ಕಿಕೊಳ್ಳಬೇಕು. ಒಂದೇ ತುದಿ ಸಿಕ್ಕಿಕೊಳ್ಳುವ ಬೀಗದ ಸರಳನ್ನು ಒಂದು ಕಡೆ ಕತ್ತರಿಸಿ ತಿರುಗಿಸಿದರೆ ಅದು ಬಿಟ್ಟುಕೊಳ್ಳುತ್ತದೆ, ಎರಡೂ ತುದಿ ಸಿಕ್ಕಿಕೊಂಡಿದ್ದರೆ ಎರಡು ಕಡೆ ಕತ್ತರಿಸಬೇಕಾಗುತ್ತದೆ. ಮತ್ತೆ, ಕೀಲಿಕೈ ಚಪ್ಪಟೆಯಾಗಿರಲಿ. ಕೊಳವೆಯಂತೆ ದುಂಡಗಿರುವುದು ಬೇಡ. ಅಮೆರಿಕದ ಹೆಸರಾಂತ ಕ್ರಿಪ್ಟೊನೈಟ್ ಕಂಪನಿಯ ಯು-ಲಾಕನ್ನು ಬಾಲ್ ಪೆನ್ನಿನ ಪ್ಲಾಸ್ಟಿಕ್ ಕೊಳವೆ ತುರುಕಿ ತೆರೆಯಬಹುದೆಂದು 2004ರಲ್ಲಿ ಬಯಲಾಗಿ, ಕಂಪನಿಯು ಗ್ರಾಹಕರಿಗೆ ಬೀಗ ಬದಲಿಸಿ ಕೊಡಬೇಕಾಯಿತು. ಆ ಕಂಪನಿ ದುಂಡು ಕೀಲಿಕೈಯನ್ನು ಬಿಟ್ಟಿತು. ಅಗ್ಗದ ನಕಲು ಮಾಲಿನಲ್ಲಿ ಅದು ಇನ್ನೂ ಬರುತ್ತಿದೆ.

ಪೊಟ್ಟಣದ ಮೇಲೆ ‘ಸೋಲ್ಡ್ ಸೆಕ್ಯೂರ್’ ಎಂಬ ಬ್ರಿಟನ್ನಿನ ಸಂಸ್ಥೆಯ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂಬ ದರ್ಜೆ ಇದ್ದರೆ, ಯಾರೋ ಉಪಕರಣ ಹಿಡಿದು ಅದನ್ನು ಒಡೆಯಲು ನೋಡಿದ್ದಾರೆ ಎಂದರ್ಥ. ಕಂಪನಿಯೇ ತನಗೆ ತಾನು ಕೊಟ್ಟುಕೊಂಡ ‘ಹತ್ತಕ್ಕೆ ಎಂಟು’ ಎಂಬಂಥ ಅಂಕಗಳನ್ನು ಬೇರೆ ಕಂಪನಿಯ ಬೀಗದೊಂದಿಗೆ ಹೋಲಿಸಲು ಬರುವುದಿಲ್ಲ. ಬ್ಯಾಟರಿಯಿಂದ ನಡೆಯುವ, ಲೋಹ ಕೊಯ್ಯುವ ಗ್ರೈಂಡರ್ ಮುಂದೆ ಸಾಮಾನ್ಯ ಬೀಗ ಯಾವುದೂ ನಿಲ್ಲದು, ಅದೂ ನಿಜ. ಆದರೆ ಗ್ರೈಂಡರಿನ ಕಿಡಿ ಮತ್ತು ಕಿರುಚಾಟಕ್ಕೆ ಓಣಿಯೇ ಹೊರಗೆ ಬರುತ್ತದೆ. 14,000 ರೂಪಾಯಿಯ ಸೈಕಲ್ಲಿಗಾಗಿ ಸಂಜೆ ಆರು ಗಂಟೆಗೆ ಆ ಸಾಹಸ ಮಾಡುವವರನ್ನು ನಾನು ಕಂಡಿಲ್ಲ. ಸೈಕಲ್ ಬೆಲೆಯ ಹತ್ತನೇ ಒಂದು ಭಾಗವನ್ನು ಬೀಗಕ್ಕೆ ಇಡಿ ಎಂಬುದು ನಾವು ಗಿರಾಕಿಗಳಿಗೆ ಹೇಳುವ ಲೆಕ್ಕ.

ತೋಳಹುಣಸೆಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ

ನಾನು ನಾಲ್ಕು ಅಂಕಿಯ ನಂಬರ್ ಲಾಕ್ ಬಳಸುತ್ತಿದ್ದೆ. ಹತ್ತು ಸಾವಿರ ಸಂಖ್ಯೆಗಳಲ್ಲಿ ನನ್ನದನ್ನು ಯಾರು ಹುಡುಕಿಯಾರು ಎಂಬ ಧೈರ್ಯವಿತ್ತು. ಕೋಣೆಯ ಗೆಳೆಯನೊಬ್ಬ ಬೀಗವನ್ನು ಎಳೆದು ಬಿಗಿಯಾಗಿ ಹಿಡಿದು, ಗಾಲಿಗಳನ್ನು ಒಂದೊಂದಾಗಿ ತಿರುಗಿಸುತ್ತಾ, ಯಾವ ಅಂಕಿಯಲ್ಲಿ ತಡೆದಂತಾಗುತ್ತದೆ ಎಂದು ಬೆರಳಿನಿಂದಲೇ ಗುರುತಿಸಿ ಊಟಕ್ಕೆ ಹೋಗುವ ಮೊದಲು ತೆರೆದುಕೊಟ್ಟ. ಅಂದಿನಿಂದ ಅದನ್ನು ಪೆಟ್ಟಿಗೆಗೆ ಹಾಕುತ್ತಿದ್ದೇನೆ.

ಗೇರ್ ಸೈಕಲ್ ಎಂದಿದ್ದೀರಿ. ಅಕ್ಕ, ಮುಂದಿನ ಚಕ್ರ ಮತ್ತು ಸೀಟಿಗೆ ಕೈಯಿಂದಲೇ ಬಿಚ್ಚುವ ಲಿವರ್ ಇದೆಯೇ ನೋಡಿ. ಕುಂದುವಾಡ ಕೆರೆಯ ಬಳಿ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ನನ್ನ ಸೈಕಲ್ ಬೀಗದ ಸಮೇತ ಇದ್ದ ಕಡೆಯೇ ಇತ್ತು, ಸೀಟು ಮಾತ್ರ ಇರಲಿಲ್ಲ. ತೋಳಹುಣಸೆಯವರೆಗೆ ನಿಂತೇ ತುಳಿದುಕೊಂಡು ಬಂದೆ. ಲಿವರ್ ತೆಗೆಸಿ, ಅಲೆನ್ ಕೀ ಎಂಬ ಆರು ಮೂಲೆಯ ಸಲಾಕೆಯಿಂದಷ್ಟೇ ಬಿಚ್ಚುವ ಬೋಲ್ಟ್ ಹಾಕಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಯು-ಲಾಕ್ ಚಿಕ್ಕದಿದ್ದರೆ ಫ್ರೇಮು, ಹಿಂದಿನ ಚಕ್ರ ಎರಡನ್ನೂ ಹೇಗೆ ಕಟ್ಟುವುದು ಎಂಬುದಕ್ಕೆ ಶೆಲ್ಡನ್ ಬ್ರೌನ್ ಎಂಬ ಅಮೆರಿಕದ ಸೈಕಲ್ ಮೆಕ್ಯಾನಿಕ್ (2008ರಲ್ಲಿ ತೀರಿಕೊಂಡರು) ಒಂದು ಉಪಾಯ ಬರೆದಿದ್ದಾರೆ. ಸೀಟಿನ ಕೆಳಗೆ ಫ್ರೇಮಿನ ಹಿಂದಿನ ತ್ರಿಕೋನವಿರುತ್ತದೆಯಲ್ಲ, ಅದರೊಳಗೆ ಹಾದುಹೋಗುವ ಹಿಂದಿನ ಚಕ್ರದ ಭಾಗಕ್ಕೆ ಬೀಗ ತೂರಿಸಿ ಅದನ್ನು ಸರಳಿಗೆ ಹಾಕುವುದು. ಫ್ರೇಮಿಗೆ ಬೀಗ ತಾಗದಿದ್ದರೂ ಚಕ್ರ ಆ ತ್ರಿಕೋನದಿಂದ ಹೊರಬರಲಾರದು. ಚಕ್ರವೂ ಉಳಿಯುತ್ತದೆ, ಫ್ರೇಮೂ ಉಳಿಯುತ್ತದೆ.

ಕೇಳಿದವರು, ಮರುದಿನ

ಎಲ್ಲರಿಗೂ ವಂದನೆಗಳು. ಸಂಜೆ ಟ್ಯೂಷನ್ ಓಣಿಗೆ ಹೋಗಿ ನೋಡಿದೆ. ಸೈಕಲ್ ಕಟ್ಟಲೆಂದು ಮಾಡಿದ ಕಂಬಿಯೇ ನಮ್ಮ ಊರಿನಲ್ಲಿ ಎಲ್ಲಿದೆ? ಅಲ್ಲಿರುವುದು ಒಂದು ಸಿಮೆಂಟಿನ ವಿದ್ಯುತ್ ಕಂಬ, ಒಂದು ಹೊಂಗೆಯ ಸಸಿ ಮತ್ತು ಟ್ಯೂಷನ್ ಮನೆಯ ಗೇಟು. ಅಂಗಡಿಯಲ್ಲಿ ತೋರಿಸಿದ ಯು-ಲಾಕಿನ ಒಳ ಅಗಲ ಒಂದು ಗೇಣಿಗಿಂತಲೂ ಕಡಿಮೆ. ಅದು ಆ ಕಂಬವನ್ನು ಸುತ್ತುವುದಿಲ್ಲ.

ಅದೇ ರಿಪೇರಿ ಅಂಗಡಿಯವರು

ನೀವು ಅಳೆದು ನೋಡಿದ್ದು ಒಳ್ಳೆಯದಾಯಿತು, ಏಕೆಂದರೆ ನಾನು ಮೊದಲು ಹೇಳಬೇಕಿದ್ದ ಮಾತು ಅದೇ. ಬೀಗ ಕೊಳ್ಳುವ ಮೊದಲು ಅದನ್ನು ಯಾವುದಕ್ಕೆ ಹಾಕುತ್ತೀರಿ ಎಂಬುದನ್ನು ನಿರ್ಧರಿಸಬೇಕು. ವಿದೇಶದ ಬೀಗಗಳನ್ನು ಅಲ್ಲಿನ ತೆಳ್ಳನೆಯ ಕಂಬಿಗಳ ಲೆಕ್ಕದಲ್ಲಿ ಮಾಡಿರುತ್ತಾರೆ. ಸಿಮೆಂಟಿನ ಕಂಬ ಸುತ್ತಿ ಫ್ರೇಮಿಗೂ ಸಿಗಬೇಕಾದರೆ 120 ಸೆಂಟಿಮೀಟರ್ ಸರಪಳಿ ಬೇಕು. 10 ಮಿಲಿಮೀಟರಿನದಾದರೆ ಅದರ ತೂಕ ಎರಡೂವರೆ ಕೆಜಿ ದಾಟುತ್ತದೆ, ಪುಸ್ತಕಗಳ ಜೊತೆ ಮಗು ಅದನ್ನು ದಿನವೂ ಹೊರಬೇಕಾಗುತ್ತದೆ. ಸಸಿಗೆ ಕಟ್ಟಬೇಡಿ, ಕಳ್ಳ ಬೀಗವನ್ನು ಬಿಟ್ಟು ಸಸಿಯನ್ನೇ ಮುರಿಯುತ್ತಾನೆ. ಗೇಟಿನ ಬಾಗಿಲೂ ಬೇಡ, ಹಳೆಯ ಗೇಟುಗಳನ್ನು ತಿರುಗಣಿಯಿಂದ ಮೇಲಕ್ಕೆತ್ತಿದರೆ ಕಳಚಿಕೊಳ್ಳುತ್ತವೆ. ಗೋಡೆಗೆ ಕೂರಿಸಿದ ಕಿಟಕಿಯ ಸರಳು ಅಥವಾ ಕಾಂಪೌಂಡಿನ ಗ್ರಿಲ್ ಇದೆಯೇ ನೋಡಿ, ಮನೆಯವರ ಒಪ್ಪಿಗೆ ಕೇಳಿ, ಅಲ್ಲಿಗೆ ಯು-ಲಾಕ್ ಹಾಕಿ. ಬೀಗದೊಳಗೆ ಖಾಲಿ ಜಾಗ ಉಳಿದಷ್ಟೂ ಹಾರೆ ತೂರಿಸಿ ಮೀಟಲು ಅನುಕೂಲ, ಆದ್ದರಿಂದ ಚಿಕ್ಕ ಅಳತೆಯದನ್ನೇ ಆರಿಸಿ.

ಭಾರದ ಸರಪಳಿಯನ್ನು ಮನೆಯಲ್ಲಿಯೇ ಮೆಟ್ಟಿಲಿನ ಕಂಬಿಗೆ ಖಾಯಂ ಬಿಟ್ಟುಬಿಡಿ. ರಾತ್ರಿ ಸೈಕಲ್ ಬಂದು ಅದಕ್ಕೆ ಸೇರಿಕೊಳ್ಳಲಿ. ಮನೆಯೊಳಗೆ ಬಂತಲ್ಲ ಎಂದು ಬೀಗ ಹಾಕದೆ ಬಿಟ್ಟ ಸೈಕಲ್ಲುಗಳ ಕಥೆಯನ್ನು ನಾನು ಅಂಗಡಿಯಲ್ಲಿ ಹೆಚ್ಚಾಗಿ ಕೇಳುತ್ತೇನೆ. ಕಂಬಿಯನ್ನು ಬೆಸುಗೆ ಹಾಕಿದ್ದಾರೆಯೇ, ಬರೀ ನಟ್ಟಿನಿಂದ ಬಿಗಿದಿದ್ದಾರೆಯೇ ಎಂಬುದನ್ನು ಮಾತ್ರ ಮೊದಲು ನೋಡಿ. ನಮ್ಮೂರ ಧೂಳಿಗೆ ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳನ್ನು ಹಿಡಿದುಕೊಂಡು ಅಂಟಾಗುತ್ತದೆ. ಪೆನ್ಸಿಲಿನ ಸೀಸದ ಪುಡಿಯನ್ನು ಕೀಲಿಕೈಗೆ ಸವರಿ ನಾಲ್ಕು ಸಲ ಆಡಿಸಿದರೆ ಸಾಕು.

ಚಿತ್ರದುರ್ಗದ ವಕೀಲರು

ಬೀಗದ ವಿಷಯದಲ್ಲಿ ನಾನು ಹೇಳುವುದು ಏನೂ ಇಲ್ಲ. ಸೈಕಲ್ ಹೋದ ಮೇಲೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ‘ಕೆಂಪು ಬಣ್ಣ, ಮುಂದೆ ಬುಟ್ಟಿ’ ಎಂಬುದಕ್ಕಿಂತ ಹೆಚ್ಚಿನ ಗುರುತು ಹೇಳಲು ಬರುವುದಿಲ್ಲ. ಇಂದೇ ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲ್ ಕೂಡುವ ಕಡೆ ಫ್ರೇಮಿನ ಅಡಿಯಲ್ಲಿ ಒತ್ತಿರುವ ಸಂಖ್ಯೆಯ ಫೋಟೊ ತೆಗೆಯಿರಿ. ಕೆಲವು ಸೈಕಲ್ಲುಗಳಲ್ಲಿ ಅದು ಸೀಟಿನ ಕೊಳವೆಯ ಮೇಲೆ ಇರುತ್ತದೆ. ಸಿಕ್ಕ ಸೈಕಲ್ ನಿಮ್ಮದೇ ಎಂದು ಸಾಧಿಸಲು ಆ ಸಂಖ್ಯೆ ಇರುವ ಬಿಲ್ಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಿಲ್ಲಿಗೆ ಇನ್ನೊಂದು ಮಹತ್ವವೂ ಬಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೊಳಗಾಗುವವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಅದಕ್ಕಿಂತ ಹೆಚ್ಚಿನ ಬೆಲೆಯದಾದರೆ ಪ್ರಕರಣದ ತೂಕವೇ ಬೇರೆ. ದೂರನ್ನು ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೂ ಮೂರು ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಮಾಡಬೇಕು, ಪ್ರಥಮ ವರ್ತಮಾನ ವರದಿಯ (ಎಫ್‌ಐಆರ್) ಪ್ರತಿಯನ್ನು ಪೊಲೀಸರು ಉಚಿತವಾಗಿ ಕೊಡಬೇಕು. ಹಳೆಯ ಸೈಕಲ್ ಕಳೆದದ್ದಕ್ಕೆ ದೂರು ಕೊಟ್ಟಿಲ್ಲವಾದರೆ ಈಗಲೂ ಕೊಡಿ. ಬಿಲ್ಲಿಲ್ಲದೆ ಅಗ್ಗಕ್ಕೆ ಬಂದ ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುವವರೂ ಎಚ್ಚರದಿಂದಿರಬೇಕು. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು 317ನೇ ಕಲಮಿನ ಅಪರಾಧ.

ಕೇಳಿದವರು, ವಾರದ ನಂತರ

ಚಪ್ಪಟೆ ಕೀಲಿಕೈಯ, ಎರಡೂ ತುದಿ ಸಿಕ್ಕಿಕೊಳ್ಳುವ ಚಿಕ್ಕ ಯು-ಲಾಕ್ ಮತ್ತು 10 ಮಿಲಿಮೀಟರಿನ ಸರಪಳಿ ಎರಡನ್ನೂ ಕೊಂಡೆವು. ಲೆಕ್ಕ ಹತ್ತನೇ ಒಂದು ಭಾಗವನ್ನು ಮೀರಿತು, ಹಳೆಯ ಸೈಕಲ್ಲಿನ ನಷ್ಟವನ್ನು ನೆನೆದು ಸುಮ್ಮನಾದೆವು. ಅರವನ್ನು ನಾನೇ ಒಯ್ದಿದ್ದೆ. ಮೊದಲು ತೋರಿಸಿದ ಸರಪಳಿಯ ಮೇಲೆ ಗೀರು ಬಿದ್ದದ್ದನ್ನು ನೋಡಿ ಅಂಗಡಿಯವರು ಮಾತಾಡದೆ ಒಳಗಿನಿಂದ ಬೇರೆಯದನ್ನು ತಂದುಕೊಟ್ಟರು. ಟ್ಯೂಷನ್ ಮೇಷ್ಟ್ರು ಕಿಟಕಿಯ ಸರಳಿಗೆ ಕಟ್ಟಲು ಒಪ್ಪಿದ್ದಾರೆ. ಈಗ ಅಲ್ಲಿ ಇನ್ನೂ ನಾಲ್ಕು ಮಕ್ಕಳು ಕಟ್ಟುತ್ತಿದ್ದಾರೆ, ಕಿಟಕಿ ತೆರೆಯಲು ಬರುತ್ತಿಲ್ಲವೆಂದು ಅವರ ಮನೆಯವರು ಬೇಸರಗೊಂಡಿದ್ದಾರೆಂದು ಕೇಳಿದೆ. ಫ್ರೇಮಿನ ಸಂಖ್ಯೆಯನ್ನು ಬಿಲ್ಲಿನ ಹಿಂದೆ ಬರೆದಿಟ್ಟಿದ್ದೇನೆ. ನಮ್ಮ ಮೆಟ್ಟಿಲಿನ ಕಂಬಿಯದು ಮಾತ್ರ ತೊಡಕಾಗಿದೆ: ಬೆಸುಗೆಯಲ್ಲ, ನಟ್ಟು. ಗೋಡೆಗೆ ಒಂದು ಕಬ್ಬಿಣದ ಬಳೆ ಹುಗಿಸಿಕೊಳ್ಳಲು ಮನೆಯ ಮಾಲೀಕರನ್ನು ಕೇಳಿದ್ದೇವೆ, ಅವರು ಮಗನನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.

ಸೀಟಿಗೂ ಮುಂದಿನ ಚಕ್ರಕ್ಕೂ ಲಿವರ್ ಇದೆ. ರಿಪೇರಿ ಅಂಗಡಿಯ ಅಣ್ಣನವರೇ, ಭಾನುವಾರ ಬೆಳಿಗ್ಗೆ ನಿಮ್ಮ ಅಂಗಡಿ ತೆರೆದಿರುತ್ತದೆಯೇ?