ಪರ್ಚೇಸ್ ಮೇಡಂಗೆ ಕೇಳಿ: ಸುಂಕ ಏರಿದೆ, ಆರ್ಡರ್ ಉಳಿಯುತ್ತಾ? (ಬಿಡಿಭಾಗ ಮಾಡುವ ಶಾಪ್‌ಗಳವರ ಗುಂಪಿನಲ್ಲಿ ಖರೀದಿ ವಿಭಾಗದ ಮೇಡಂ ಜತೆ ಮಾತು, ಸೆಪ್ಟೆಂಬರ್ 2025)

ಪೀಣ್ಯ ಸದಸ್ಯ: ಮೇಡಂ, ನಮ್ಮದು ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್ ಇರುವ ಶಾಪ್. ಕಾರಿನ ಸ್ಟೀರಿಂಗ್‌ಗೆ ಪಿನ್ ಮಾಡುತ್ತೇವೆ. ಪುಣೆಯ ಕಂಪನಿ ಮೂಲಕ ಅಮೆರಿಕಕ್ಕೆ ಹೋಗುತ್ತದೆ. ‘ರೇಟ್ ಶೇ. 12 ಇಳಿಸಿ, ಇಲ್ಲದಿದ್ದರೆ ಮೆಕ್ಸಿಕೊದಿಂದ ತರಿಸುತ್ತೇವೆ’ ಅಂತಿದ್ದಾರೆ. ಸಹಿ ಹಾಕಲಾ?

ಮೇಡಂ: ಇವತ್ತು ಹಾಕಬೇಡಿ. ಓದಿ ನನಗೇ ಆತಂಕವಾಯಿತು. ಅವರ ಮಾತು ಅರ್ಧ ನಿಜ. ಮೇ 3ರಿಂದ ನಮ್ಮ ಕಾರು ಬಿಡಿಭಾಗಕ್ಕೆ ಅಮೆರಿಕದಲ್ಲಿ ಶೇ. 25 ಸುಂಕ. ಜಪಾನಿಗೆ ಈ ತಿಂಗಳು ಶೇ. 15ಕ್ಕೆ ಇಳಿಯಿತು. ಮೆಕ್ಸಿಕೊ ಮಾಲು ಅಮೆರಿಕ, ಮೆಕ್ಸಿಕೊ, ಕೆನಡಾ ಒಪ್ಪಂದದ ನಿಯಮಕ್ಕೆ ಸರಿಹೊಂದಿದರೆ ಸೊನ್ನೆ. ಪರ್ಚೇಸ್‌ನಲ್ಲಿ ನಾವು ನಿಮ್ಮ ರೇಟ್ ಒಂದನ್ನೇ ನೋಡುವುದಿಲ್ಲ. ಸುಂಕ, ಹಡಗಿನ ಬಾಡಿಗೆ, ದಾರಿಯಲ್ಲಿರುವ ಮಾಲಿನ ಮೇಲಿನ ಬಡ್ಡಿ ಎಲ್ಲ ಸೇರಿಸಿ, ಫ್ಯಾಕ್ಟರಿ ಗೇಟಿಗೆ ಬಂದಾಗ ಎಷ್ಟು ಬೀಳುತ್ತದೆ ಅಂತ ನೋಡುತ್ತೇವೆ.

ಆದರೆ ಸ್ಟೀರಿಂಗ್ ಬಿಡಿಭಾಗಕ್ಕೆ ಹೊಸ ಸಪ್ಲೈಯರ್ ತರುವುದು ಸುಲಭವಲ್ಲ. ಸ್ಯಾಂಪಲ್, ಅಳತೆ ರಿಪೋರ್ಟ್, ಟೆಸ್ಟಿಂಗ್, ಲೈನ್ ಟ್ರಯಲ್ ಅಂತ ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮ್ಮ ಬಲ ಅದೇ. ಮೊದಲು, ಸುಂಕ ಕಟ್ಟುತ್ತಿರುವವರು ಯಾರು, ಯಾವ ಕಸ್ಟಮ್ಸ್ ಕೋಡ್‌ನಲ್ಲಿ ಅಂತ ಬರಹದಲ್ಲಿ ಕೇಳಿ. ಕೊಡಲೇಬೇಕಾದರೆ ರೇಟ್ ಶೀಟಿನಲ್ಲಿ ಲೋಹದ ಬಾರ್, ಮೆಷಿನಿಂಗ್, ಹೀಟ್ ಟ್ರೀಟ್‌ಮೆಂಟ್ ಸಾಲುಗಳ ಕೆಳಗೆ ‘ಸುಂಕ ರಿಯಾಯಿತಿ, ಮೂರು ತಿಂಗಳು’ ಅಂತ ಬೇರೆ ಸಾಲು ಹಾಕಿ. ಮೂಲ ರೇಟ್ ಮುಟ್ಟಬೇಡಿ. ಒಮ್ಮೆ ಇಳಿದರೆ ಮತ್ತೆ ಏರಿಸುವುದು ಬಲು ಕಷ್ಟ.

ಹೊಸೂರು ಸದಸ್ಯ: ಟ್ರ್ಯಾಕ್ಟರ್ ಬಿಡಿಭಾಗಕ್ಕೂ ಶೇ. 25 ತಾನೇ?

ಮೇಡಂ: ಅಲ್ಲ. ಆಗಸ್ಟ್ 27ರಿಂದ 50.

ದಾಬಸ್‌ಪೇಟೆ ಸದಸ್ಯ: ಮೇಡಂ, ಟ್ರ್ಯಾಕ್ಟರ್‌ಗೆ 25 ಅಥವಾ 50?

ಮೇಡಂ: ಮೇಲೆ ಓದಿ.

ಬೊಮ್ಮಸಂದ್ರ ಸದಸ್ಯ: ಫಾರ್ವರ್ಡ್ ಬಂದಿದೆ: ‘ಮೆಕ್ಸಿಕೊಗೆ ಕಳಿಸಿ ಲೇಬಲ್ ಬದಲಿಸಿ, ಸುಂಕ ಸೊನ್ನೆ.’

ಮೇಡಂ: ಈ ವಾರ ಇದು ಮೂರನೇ ಸಲ. ಡಬ್ಬ ಬದಲಿಸಿದರೆ ಮಾಲು ತಯಾರಾದ ದೇಶ ಬದಲಾಗುವುದಿಲ್ಲ. ಇದು ಕಸ್ಟಮ್ಸ್ ವಂಚನೆ. ದಯವಿಟ್ಟು ಡಿಲೀಟ್ ಮಾಡಿ.

ಬಿಡದಿ ಸದಸ್ಯ: ಎಲ್ಲ ಕಂಪನಿಗಳದೇ ತಪ್ಪು. ಎರಡು ರೂಪಾಯಿ ಉಳಿಯುತ್ತೆ ಅಂದರೆ ಚೀನಾಕ್ಕೆ ಓಡುತ್ತಾರೆ.

ಬೊಮ್ಮಸಂದ್ರ ಸದಸ್ಯ: ಸುಮ್ನೆ ಬೈಬೇಡಿ. ನಿಮ್ಮ ಶಾಪಿನ ಇನ್ಸರ್ಟ್‌ಗಳು (ಲೋಹ ಕತ್ತರಿಸುವ ತುದಿಗಳು) ಎಲ್ಲಿಯವು?

ಬಿಡದಿ ಸದಸ್ಯ: ನನ್ನ ಶಾಪಿನ ಸುದ್ದಿ ಯಾಕೆ? ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಲೋಹದ ಮ್ಯಾಗ್ನೆಟ್‌ಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಮೋಟಾರ್ ಮಾಡುವವರು ಪರದಾಡಿದರು. ಅಗ್ಗ ಅಂತ ಒಬ್ಬರನ್ನೇ ನಂಬಿದರೆ ಇನ್ನೇನಾಗುತ್ತೆ?

ತುಮಕೂರು ಸದಸ್ಯ: ಮೇಡಂ, ಡೈ (ಅಚ್ಚು) ಮಾಡಿಸಲು ದುಡ್ಡು ನಾವು ಹಾಕಿದ್ದೇವೆ. ಆರ್ಡರ್ ಹೋದರೆ ಡೈ ಯಾರದು? ಎರಡು ದಿನದಿಂದ ಕೇಳುತ್ತಿದ್ದೇನೆ.

ಬೊಮ್ಮಸಂದ್ರ ಸದಸ್ಯ: ಬಿಡದಿಯವರೇ, ಆ ಮ್ಯಾಗ್ನೆಟ್ ನೀವು ಮಾಡಿಕೊಡುತ್ತೀರಾ?

ಪೀಣ್ಯ ಸದಸ್ಯ: ಮೇಡಂ, ಪುಣೆಯವರು ಸಂಜೆ ಐದರೊಳಗೆ ಉತ್ತರ ಕೇಳುತ್ತಿದ್ದಾರೆ.

ಮೇಡಂ: ಫೋನಿನಲ್ಲಿ ಒಪ್ಪಬೇಡಿ. ಸುಂಕ ಯಾರು ಕಟ್ಟುತ್ತಾರೆ, ಯಾವ ಕೋಡ್ ಅನ್ನುವ ಎರಡೂ ಪ್ರಶ್ನೆ ಮೇಲ್ ಮಾಡಿ, ಆಮೇಲೆ ನನಗೆ ತೋರಿಸಿ. ಉಳಿದಿಬ್ಬರೂ ಜಗಳ ನಿಲ್ಲಿಸಿ.

ಬಿಡದಿ ಸದಸ್ಯ: ಶುರು ಮಾಡಿದ್ದು ನಾನಲ್ಲ.